ಅಟ್ಟದ ಕಾಯಿಯ ನೀರು

ನನ್ನ ತಮ್ಮ ಜ್ಞಾನೇಶ ಮೈಕಿನ ಮುಂದೆ ನಿಂತರೆ ಕಲ್ಲೂ ಕರಗುತ್ತದೆ ಅಂತ ಜನ ಹೇಳುತ್ತಾರೆ. ನಾನಂತೂ ಕರಗಲಿಲ್ಲ. ಅವನ ಮೂಗು ಒರೆಸಿ ಬೆಳೆಸಿದವಳು ನಾನು. ಯಾವ ಮಾತು ನಿಜ, ಯಾವುದಕ್ಕೆ ಒಗ್ಗರಣೆ ಬಿದ್ದಿದೆ ಅನ್ನುವುದು ಅವನ ಗಂಟಲು ಕೇಳಿದರೇ ನನಗೆ ತಿಳಿಯುತ್ತದೆ. ಕರಗಿದವಳು ನಮ್ಮವ್ವ ದ್ರಾಕ್ಷಾಯಣಮ್ಮ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವ ಹಾಗೂ ಕಾಣುವುದಿಲ್ಲ.

ನಮ್ಮದು ನೊಣವಿನಕೆರೆ ಪಕ್ಕದ ಊರು. ಅಪ್ಪ ತೀರಿಕೊಂಡ ಮೇಲೆ ತೋಟ, ಮನೆ, ಅವ್ವ ಎಲ್ಲ ನನ್ನ ಮತ್ತು ನನ್ನ ಗಂಡ ರೇಣುಕಪ್ರಸಾದರ ಪಾಲಿಗೆ ಬಂತು. ಮನೆ ಅಳಿಯ ಅಂತ ಊರವರು ಆಡಿಕೊಂಡರೂ ಇವರು ತಲೆ ಕೆಡಿಸಿಕೊಂಡವರಲ್ಲ. ಜ್ಞಾನೇಶ ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕಿದ್ದ. ಕಾಲೇಜಿನಿಂದಲೂ ಅವನಿಗೆ ಕತೆ ಬರೆಯುವ ಹುಚ್ಚು. ಆ ಪ್ರೆಸ್ಸಿಗೆ ಕ್ರೈಸ್ತ ಪುಸ್ತಕಗಳು ಅಚ್ಚಿಗೆ ಬರುತ್ತಿದ್ದವಂತೆ. ಅಕ್ಷರ ತಿದ್ದುತ್ತಾ ಕೂತವನು ಒಂದು ದಿನ ಆ ಮಾತುಗಳಲ್ಲೇ ಸಿಕ್ಕಿಬಿದ್ದ. ಯಾರೂ ಅವನನ್ನು ಎಳೆಯಲಿಲ್ಲ, ಯಾರೂ ಆಸೆ ತೋರಿಸಲಿಲ್ಲ. ಕುಡಿಯುತ್ತಿದ್ದವನು ಬಿಟ್ಟ. ಸಿಡುಕು ಹೋಗಿ ಮೆತ್ತಗಾದ. ಅವನ ನಂಬಿಕೆಯ ಬಗ್ಗೆ ಆಗಲೂ ನನ್ನ ತಕರಾರು ಇರಲಿಲ್ಲ, ಈಗಲೂ ಇಲ್ಲ.

ಅವನು ಊರಿಗೆ ಬಂದು ವಿಷಯ ಹೇಳಿದ್ದು ನಾವು ಕೊಬ್ಬರಿ ಇಳಿಸುತ್ತಿದ್ದ ದಿನ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮರೆತುಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೂ ಅದು ಅಲ್ಲೇ ಇರಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಅವತ್ತು ಅವ್ವ ಅಂಗಳದಲ್ಲಿ ಕೂತು ಕೊಬ್ಬರಿ ಆರಿಸುತ್ತಿದ್ದಳು. ಇವನ ಮಾತು ಕೇಳಿ ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಪೂಜೆಗೆ ಕೂರ್ಬೇಡ ಬುಡು, ಅದು ನಿನ್ ಮನ್ಸು. ಹಬ್ಬದಾಗೆ ಊಟಕ್ಕಾದ್ರೂ ಬಾ ಕಣಪ್ಪ" ಅಂದಳು. ದಪ್ಪ ದಪ್ಪ ಕೊಬ್ಬರಿ ಹೆಕ್ಕಿ, ಜೊತೆಗೆ ಬೆಲ್ಲದ ಅಚ್ಚು ಹಾಕಿ, ಚೀಲದ ಬಾಯನ್ನು ಬಾಳೆನಾರಿನಲ್ಲಿ ಬಿಗಿದು ಅವನ ಕೈಗೆ ಕೊಟ್ಟಳು. ಜೊತೆಗೆ ಹೋಗಿ ಬಸ್ ಹತ್ತಿಸಿ ಬಂದವಳು ನಾನೇ. ನಡೆದದ್ದು ಇಷ್ಟೇ.

ಹಬ್ಬಕ್ಕೆ ಅವನು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಅದೂ ಕಡಿಮೆಯಾಯಿತು. ದೊಡ್ಡ ಭಾಷಣಕಾರನಾಗಿದ್ದಾನೆ, ಪುಸ್ತಕ ಬರೆದಿದ್ದಾನೆ, ಬೆಂಗಳೂರು ಮೈಸೂರಿಗೆಲ್ಲ ಕರೆಸಿಕೊಳ್ಳುತ್ತಾರೆ ಅನ್ನುವ ಸುದ್ದಿ ಮಾತ್ರ ಯಾರಿಂದಲೋ ಕಿವಿಗೆ ಬೀಳುತ್ತಿತ್ತು. ಅವ್ವ ಪ್ರತಿ ವರ್ಷ ಅವನ ಪಾಲಿನ ಕೊಬ್ಬರಿ ಬೇರೆ ತೆಗೆದಿಡುತ್ತಿದ್ದಳು. ಬೂಷ್ಟು ಹಿಡಿದ ಮೇಲೆ ನಾನು ಅವಳಿಗೆ ಹೇಳದೆ ಗಾಣಕ್ಕೆ ಕಳಿಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ರಾಮಕ್ಕ ಮೊಬೈಲ್ ಹಿಡಿದುಕೊಂಡು ಓಡಿಬಂದಳು. "ದ್ರಾಕ್ಷಾಯಣಮ್ಮಾರೇ, ನಿಮ್ ಮಗ ಕಣ್ರೀ! ಎಷ್ಟ್ ಜನ ಕೂತವ್ರೆ ನೋಡಿ!" ಅವ್ವ ಕನ್ನಡಕ ಹುಡುಕಿ ಹಾಕಿಕೊಂಡಳು. ಆಗ ಅವಳ ಮುಖ ನೋಡಬೇಕಿತ್ತು. "ಎಷ್ಟ್ ಚೆಂದಾಗಿ ಮಾತಾಡ್ತಾನೆ ಕಣೇ ಗಂಗಾ. ಥೇಟ್ ನಿಮ್ಮಪ್ಪನ ಗಂಟ್ಲು" ಅಂದಳು. ಅಷ್ಟರಲ್ಲಿ ಜ್ಞಾನೇಶ ದನಿ ತಗ್ಗಿಸಿದ. ಚಿಕ್ಕಂದಿನಿಂದಲೂ ಅವನು ದನಿ ತಗ್ಗಿಸಿದರೆ ಒಗ್ಗರಣೆ ಶುರುವಾಯಿತು ಅಂತಲೇ ಲೆಕ್ಕ.

"ನನ್ನ ತಾಯಿ ಅಟ್ಟದಿಂದ ಒಂದು ತೆಂಗಿನಕಾಯಿ ತಂದಳು" ಅಂದ. "ಹೊಸಿಲ ಮೇಲೆ ಅಪ್ಪಳಿಸಿ ಒಡೆದಳು. ಇವತ್ತಿಗೆ ನನ್ನ ಮಗ ಸತ್ತ ಅಂದಳು. ಆ ಕಾಯಿಯ ನೀರು ಹೊಸಿಲು ದಾಟಿ ಹರಿದು ಬಂದು ನನ್ನ ಬರಿಗಾಲನ್ನು ನೆನೆಸಿತು. ಮರುದಿನ ಇನ್ನೊಂದು ನೀರಿನಲ್ಲಿ ನಿಂತು ದೀಕ್ಷಾಸ್ನಾನ ಪಡೆದೆ. ಒಂದು ನೀರು ನನ್ನನ್ನು ಕೊಂದಿತು, ಇನ್ನೊಂದು ನೀರು ನನ್ನನ್ನು ಎಬ್ಬಿಸಿತು." ಕೂತವರು ಬಿಕ್ಕುವುದು ಮೊಬೈಲಿನಲ್ಲೂ ಕೇಳಿಸುತ್ತಿತ್ತು. ಕೊನೆಗೆ ಅವನು ಕೈ ಎತ್ತಿ, "ಅವ್ವಾ, ನೀನು ಎಲ್ಲೇ ಇರು, ಯೇಸುವಿನ ಹೆಸರಿನಲ್ಲಿ ನಿನ್ನನ್ನು ಕ್ಷಮಿಸಿದ್ದೇನೆ" ಅಂದ. ಚಪ್ಪಾಳೆಯೋ ಚಪ್ಪಾಳೆ.

ಎಲ್ಲೇ ಇರು ಅಂತೆ! ಎಲ್ಲಿಗೆ ಹೋಗುತ್ತಾಳೆ, ಇದೇ ಮನೆಯಲ್ಲಿ ಇವನಿಗೆ ಕೊಬ್ಬರಿ ತೆಗೆದಿಟ್ಟುಕೊಂಡು ಕೂತಿದ್ದಳು. ರಾಮಕ್ಕ ಮೊಬೈಲ್ ಆರಿಸಿ, "ಒಡೆದ್ರಾ ದ್ರಾಕ್ಷಾಯಣಮ್ಮಾರೇ?" ಅಂತ ಮೆಲ್ಲಗೆ ಕೇಳಿದಳು. ಅವ್ವ ನನ್ನ ಕಡೆ ತಿರುಗಿದಳು.

"ನಾನ್ ಯಾವಾಗ್ ಒಡೆದ್ನೇ?"

"ಒಡೀಲಿಲ್ಲ ಕಣವ್ವ. ಎಲ್ಲಾ ಅವನ ಕಟ್ಟುಕತೆ. ಅಟ್ಟದ ಕಾಯ್ನಾಗೆ ನೀರ್ ಎಲ್ಲಿಂದ ಬತ್ತದೆ, ನೀನೇ ಹೇಳು."

ಹೌದು ಅಂತ ತಲೆಯಾಡಿಸಿದಳು. ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮರುದಿನ ಬೆಳಿಗ್ಗೆ ಮತ್ತೆ ಅದನ್ನೇ ಕೇಳಿದಳು. ಆಮೇಲೆ ರಾಮಕ್ಕನ ಮನೆಗೆ ತಾನೇ ಹೋಗಿ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳಂತೆ. ಅವಳಿಗೆ ಆಗಲೇ ಮರೆವು ಶುರುವಾಗಿತ್ತು, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಒಂದು ದಿನ ಬಂದವಳೇ, "ದೇವ್ರ ಹೆಸ್ರು ಹಿಡ್ಕಂಡು ಅಷ್ಟು ಜನದ ಮುಂದೆ ಯಾರಾದ್ರೂ ಸುಳ್ಳು ಹೇಳ್ತಾರೇನೇ? ನನ್ ಮಗ ಅಂಥೋನಲ್ಲ" ಅಂದಳು. ಅಟ್ಟದ ಕಾಯಿಯ ಮಾತು ಮತ್ತೆ ಎತ್ತಿದೆ. "ಅಟ್ಟದ್ದು ಇರಕ್ಕಿಲ್ಲ. ದೇವ್ರ ಮುಂದೆ ಇಟ್ಟಿದ್ದ ಹಸಿ ಕಾಯಿ ಇರ್ಬೇಕು. ಅವನಿಗೆ ಮರ್ತೋಗದೆ" ಅಂದಳು. ಅವನ ಕತೆಯಲ್ಲಿದ್ದ ಒಂದೇ ಒಂದು ತೂತನ್ನು ಅವಳೇ ಮುಚ್ಚಿಕೊಟ್ಟಳು. ನನಗೆ ಹಣೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಸ್ನಾನ ಮಾಡಿ ಬಂದವಳು ಪೂಜೆಗೆ ಕೂರಲಿಲ್ಲ. ವಿಭೂತಿ ಹಚ್ಚಲಿಲ್ಲ. "ಮಗನ್ನ ಸತ್ತ ಅಂದ ಬಾಯಿ, ಕಾಯಿ ಒಡೆದ ಕೈ. ಈ ಕೈಯಾಗೆ ಲಿಂಗ ಹಿಡೀಲೇನೇ?" ಅಂದಳು. ಲಿಂಗಪೂಜೆ ಆಗದೆ ಅವ್ವ ತುತ್ತು ಬಾಯಿಗಿಟ್ಟವಳಲ್ಲ, ಜ್ವರದಲ್ಲೂ ತಪ್ಪಿಸಿದವಳಲ್ಲ. ಪೂಜೆ ನಿಂತಿತು, ಅದರ ಹಿಂದೆಯೇ ಊಟವೂ ನಿಂತಿತು. ನಾನು ಬೈದು, ಅತ್ತು, ಕಾಲು ಹಿಡಿದು ಒಂದಿಷ್ಟು ಮಜ್ಜಿಗೆ ಕುಡಿಸುತ್ತಿದ್ದೆ. ಡಾಕ್ಟರು ನೋಡಿ ಕಾಯಿಲೆ ಏನೂ ಇಲ್ಲ ಅಂದರು. ಜ್ಞಾನೇಶನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಹೀಗೇ ಬಿಟ್ಟರೆ ಅವ್ವ ದಕ್ಕುವುದಿಲ್ಲ ಅನ್ನುವುದು ನನಗೂ ಇವರಿಗೂ ಗೊತ್ತಾಗಿತ್ತು.

ಅಂಥದ್ದರಲ್ಲಿ ಇವರು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಂದು ಪೋಸ್ಟರ್ ನೋಡಿಕೊಂಡು ಬಂದರು. ತಿಪಟೂರಿನ ಒಂದು ಹಾಲಿನಲ್ಲಿ ಜ್ಞಾನೇಶನ ಸಭೆ. ಸಂಜೆ ಭಾಷಣ, ಅದಕ್ಕೂ ಮುಂಚೆ ಬೆಳಿಗ್ಗೆ, ತಮ್ಮ ನಂಬಿಕೆಯ ಸಾಕ್ಷಿಯನ್ನು ಬರೆದು ಹೇಳುವುದು ಹೇಗೆ ಅಂತ ಕ್ಲಾಸು. ನಾನು ಕ್ಲಾಸಿಗೇ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಚೆನ್ನಾಗಿಯೇ ಪಾಠ ಮಾಡುತ್ತಿದ್ದ. ಅದನ್ನು ಇಲ್ಲ ಅನ್ನಲಾರೆ. "ಬೆಳಕು ಕಾಣಬೇಕಾದರೆ ಮೊದಲು ಕತ್ತಲೆಯನ್ನು ಗಟ್ಟಿಯಾಗಿ ಬರೆಯಬೇಕು. ಕೇಳುವವರಿಗೆ ನಿಮ್ಮ ಕತ್ತಲೆಯ ಮುಖ ಕಾಣಬೇಕು" ಅಂದ. ಎಲ್ಲರೂ ಬರೆದುಕೊಂಡರು. ನರ್ಸಮ್ಮನ ಹಾಗೆ ಕಾಣುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಎದ್ದು ನಿಂತು, "ನನ್ ಬದುಕಲ್ಲಿ ಅಂಥ ಕತ್ಲೆ ಏನೂ ಇಲ್ಲ ಬ್ರದರ್. ಸುಮ್ನೆ ನಂಬಿದೆ ಅಷ್ಟೇ" ಅಂದರು. ಅವನು ನಕ್ಕು, "ಹುಡುಕಿ ನೋಡಿ ಅಮ್ಮ, ಇದ್ದೇ ಇರುತ್ತೆ" ಅಂದ. ಆಕೆ ಏನೋ ತಪ್ಪು ಮಾಡಿದವರ ಹಾಗೆ ಕೂತರು. ಇವನು ಹುಡುಕಿಕೊಂಡ ಕತ್ತಲೆ ಯಾರದ್ದು ಅಂತ ನನಗೆ ಗೊತ್ತಿತ್ತು. ಅದು ಮನೆಯಲ್ಲಿ ಮಜ್ಜಿಗೆ ಬೇಡ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿತ್ತು.

ಟೀಗೆ ಬಿಟ್ಟಾಗ ಅವನನ್ನು ಹಾಲಿನ ಹಿಂದಿನ ಜಗುಲಿಯಲ್ಲಿ ಹಿಡಿದು ನಿಲ್ಲಿಸಿದೆ. ನನ್ನನ್ನು ನೋಡಿ ಅವನು ಲೋಟ ಕೆಳಗಿಟ್ಟ.

"ಯಾವ ಕಾಯ್ಲಾ ಒಡೆದ್ಲು ಅವ್ವ?"

"ಅಕ್ಕ..."

"ಅವತ್ತು ಇಳಿಸಿದ್ದು ಒಣ ಕೊಬ್ಬರಿ. ಒಂದು ತೊಟ್ಟು ನೀರಿರಲಿಲ್ಲ. ತಿಪಟೂರು ಸೀಮೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವೇನ್ಲಾ ನಿಂಗೆ?"

"ಗೊತ್ತಿತ್ತು. ಬರೆಯೋವಾಗ್ಲೇ ಗೊತ್ತಿತ್ತು" ಅಂದ. "ದೀಕ್ಷಾಸ್ನಾನದ ನೀರಿಗೆ ಇನ್ನೊಂದು ನೀರು ಬೇಕಾಗಿತ್ತು ಅಕ್ಕ. ಮೊದಲನೇ ಸಲ ಇದ್ದದ್ದನ್ನ ಇದ್ದ ಹಾಗೆ ಹೇಳ್ದೆ. ಒಬ್ಬರೂ ತಲೆ ಎತ್ತಿ ನೋಡ್ಲಿಲ್ಲ. ಅವ್ವ ಬಾಗಿಲು ಹಾಕಿದ್ಲು ಅಂತ ಸೇರಿಸ್ದೆ, ಯಾರೋ ಕಣ್ಣು ಒರೆಸ್ಕೊಂಡ್ರು. ಆಮೇಲೆ ಕಾಯಿ ಬಂತು. ಈಗ ಹೇಳೋವಾಗ ನನ್ ಕಾಲಿಗೇ ಆ ನೀರು ತಣ್ಣಗೆ ತಾಕಿದ ಹಂಗಾಗ್ತದೆ."

"ಹಬ್ಬಕ್ಕಾದ್ರೂ ಯಾಕ್ ಬರ್ಲಿಲ್ಲ?"

"ಹೆಂಗ್ ಬರ್ಲಿ? ಬಂದು ಅವ್ವನ ಕೈಯಾಗೆ ಉಂಡ್ರೆ ಆ ಭಾಷಣ ಮತ್ತೆ ಹೇಳಕ್ಕಾಗ್ತಿತ್ತಾ?"

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಅವ್ವನ ಸ್ಥಿತಿ ಹೇಳಿದೆ. ಪೂಜೆ ಬಿಟ್ಟದ್ದು, ಊಟ ಬಿಟ್ಟದ್ದು ಕೇಳುತ್ತಾ ಕೇಳುತ್ತಾ ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಸಂಜೆಯ ಭಾಷಣ ಆಗುವುದಿಲ್ಲ ಅಂತ ಯಾರಿಗೋ ಹೇಳಿ, ನನ್ನ ಜೊತೆ ಬಸ್ ಹತ್ತಿದ. ಎಲ್ಲ ನಿಜ ಹೇಳಿಬಿಡ್ತೀನಿ ಅಂತ ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದ. ನನಗೂ ಒಂದಿಷ್ಟು ಆಸೆ ಹುಟ್ಟಿತು.

ಅವ್ವ ಅವನನ್ನು ನೋಡಿ ಎದ್ದು ಕೂರಲು ಹೋಗಿ ಕೂರಲಾರದೆ ಹಾಗೇ ಒರಗಿದಳು. ಸೊರಗಿದ ಕೈಯಲ್ಲಿ ರವಿಕೆಯ ತೋಳು ಜೋಲುತ್ತಿತ್ತು. ಜ್ಞಾನೇಶ ಅವಳ ಕಾಲ ಬಳಿ ಕೂತು, "ಅವ್ವ, ನೀನು ಕಾಯಿ ಒಡೀಲಿಲ್ಲ. ಸತ್ತ ಅನ್ಲಿಲ್ಲ. ಊಟಕ್ಕೆ ಬಾ ಅಂದೆ. ಮಿಕ್ಕಿದ್ದೆಲ್ಲ ನಾನ್ ಸೇರಿಸಿದ್ದು, ಸುಳ್ಳು" ಅಂದ. ಮೈಕಿನ ಮುಂದೆ ಅಷ್ಟು ಏರಿ ಇಳಿಯುವ ದನಿ ಈಗ ಮೊಂಡಾಗಿತ್ತು. ಮಾತು ತಡವರಿಸಿತು. ನಿಜ ಹೇಳಿ ಅವನಿಗೆ ಅಭ್ಯಾಸ ತಪ್ಪಿಹೋಗಿತ್ತು.

ಅವ್ವ ಅವನ ತಲೆ ಸವರಿದಳು. "ನನ್ನ ಸಮಾಧಾನಕ್ಕೆ ಹಿಂಗಂತೀಯ. ಗಂಗಾ ಹೇಳಿಕೊಟ್ಟವ್ಳೆ ಅಲ್ವಾ?"

"ಇಲ್ಲವ್ವ, ನಿಜ!"

"ನನ್ಸಲುವಾಗಿ ಸುಳ್ಳು ಹೇಳಿ ನಿನ್ ದೇವ್ರ ಮುಂದೆ ತಪ್ಪಿತಸ್ಥ ಆಗ್ಬೇಡ ಕಣಪ್ಪ. ನಂಗೇ ಗ್ಯಾಪಕ ಬಂದದೆ. ನೀರು ನಿನ್ ಕಾಲ್ತಂಕ ಹರೀತು. ನಾನ್ ನೋಡ್ತಾನೇ ನಿಂತಿದ್ದೆ."

ಇವರು ಬಾಗಿಲಲ್ಲಿ ನಿಂತಿದ್ದವರು ಹೊರಗೆ ಹೋಗಿಬಿಟ್ಟರು.

"ಕೊನೇಗೆ ಒಂದ್ ಮಾತು ಹೇಳ್ತೀಯಲ್ಲ" ಅಂದಳು ಅವ್ವ. "ಅವ್ವಾ, ನೀನು ಎಲ್ಲೇ ಇರು ಅಂತ. ಅದನ್ನ ಇಲ್ಲೇ ಹೇಳು. ನಾನ್ ಎದುರ್ಗೇ ಇದೀನಿ."

ಜ್ಞಾನೇಶ ನನ್ನ ಮುಖ ನೋಡಿದ. ಹೇಳಿದರೆ ಆ ಸುಳ್ಳಿಗೆ ಅವನೇ ಮನೆಯೊಳಗೆ ಬಂದು ಮೊಳೆ ಹೊಡೆದಂತೆ. ಹೇಳದಿದ್ದರೆ ಆ ಜೋಲುವ ತೋಳು. ನಾನು ಸತ್ಯ ಸತ್ಯ ಅಂತ ಹಾರಾಡುತ್ತಾ ಹೋದವಳು, ಅವ್ವನ ಕೈ ನೋಡಿ, "ಹೇಳು" ಅಂದೆ.

"ಕ್ಷಮಿಸಿದೀನಿ ಅವ್ವ."

"ಯೇಸಪ್ಪನ ಹೆಸ್ರು ಹೇಳ್ಲಿಲ್ಲ."

ಹೆಸರೂ ಹೇಳಿದ. ಹೇಳಿ, ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತ. ಅದು ಮಾತ್ರ ಒಗ್ಗರಣೆ ಇಲ್ಲದ ಅಳು. ಅವ್ವ ಅತ್ತದ್ದು ಬೇರೆಯ ಕಾರಣಕ್ಕೆ. ಅವಳ ಮುಖ ಎಷ್ಟೋ ದಿನದ ಮೇಲೆ ಹಗುರಾಗಿತ್ತು. "ಬಿಸ್ನೀರ್ ಕಾಸೇ" ಅಂದಳು. ಸ್ನಾನ ಮಾಡಿಸಿದೆ. ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಪೂಜೆ ಮುಗಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅನ್ನ ಸಾರು ಉಂಡಳು. ಅವ್ವ ಉಳಿದಳು. ಬಂದವರಿಗೆಲ್ಲ, ಮಗನನ್ನು ಕಾಯಿ ಒಡೆದು ಹೊರಗೆ ಹಾಕಿದ ಪಾಪಿ ನಾನು, ಅವನು ದೊಡ್ಡ ಮನಸ್ಸು ಮಾಡಿದ ಅಂತ ಈಗಲೂ ಹೇಳುತ್ತಾಳೆ. ನಾನು ಎದ್ದು ಒಳಗೆ ಹೋಗುತ್ತೇನೆ. ನಡೆದದ್ದನ್ನು ನಂಬುವವರು ಈ ಮನೆಯಲ್ಲಿ ನಾನೂ ಇವರೂ ಬಿಟ್ಟರೆ ಯಾರೂ ಇಲ್ಲ.

ಅವನು ಹೊರಡುವಾಗ ಅವ್ವ ಗೋಡೆ ಹಿಡಿದುಕೊಂಡು ನಡೆದು, ತೆಗೆದಿಟ್ಟಿದ್ದ ಕೊಬ್ಬರಿ ತಂದಳು. ಬೆಲ್ಲದ ಅಚ್ಚು ಹಾಕಿ, ಚೀಲದ ಬಾಯಿಗೆ ಬಾಳೆನಾರು ಬಿಗಿದು ಅವನ ಕೈಗೆ ಕೊಟ್ಟಳು.

"ಆವತ್ತು ಬರಿಗೈಯಾಗೆ ಹೊರಡಿಸ್ಬುಟ್ಟೆ ಕಣಪ್ಪ" ಅಂದಳು. "ಇವತ್ತಾದ್ರೂ ತಗಂಡೋಗು."