ಲಿಫ್ಟಿನ ಅಕ್ಕ

ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಕೂರುವ ಆ ಇಪ್ಪತ್ತೇಳರ ಗಂಡಸಿಗೆ ಮೀಸೆಯಿತ್ತು, ಗಡ್ಡವಿತ್ತು, ದೋಣಿಯಂಥ ಷೂಗಳಿದ್ದವು. ದನಿ ಮಾತ್ರ ಅದಕ್ಕೆ ಹೊಂದುವಂಥದ್ದಲ್ಲ. ಫೋನೆತ್ತಿ ‘ಹಲೋ’ ಅಂದರೆ ಆ ಕಡೆಯವರು ‘ಮೇಡಂ’ ಅನ್ನುತ್ತಿದ್ದರು. ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡು ಸಹಾಯದ ಗುಂಡಿ ಒತ್ತಿದವರಂತೂ ಅವನ ಮೊದಲ ಮಾತು ಕೇಳುತ್ತಲೇ ‘ಅಕ್ಕಾ, ಕಾಪಾಡಕ್ಕಾ’ ಎಂದು ಶುರುಮಾಡುತ್ತಿದ್ದರು. ಪ್ರಾಣಭಯದಲ್ಲಿರುವವರನ್ನು ತಿದ್ದುವುದು ಸಭ್ಯತೆಯಲ್ಲವೆಂದು ಅವನು ಅಕ್ಕನಾಗಿಯೇ ಉಳಿದ. ಆಫೀಸಿನವರಿಗೂ ಅದೇ ಹೆಸರು ಅನುಕೂಲವಾಯಿತು. ‘ಅಕ್ಕ ಬಂದ್ಲು, ದಾರಿ ಬಿಡ್ರಪ್ಪಾ’ ಎಂದು ತಾನೇ ಮೊದಲು ನಗಿಸಿಬಿಟ್ಟರೆ ಚುಚ್ಚುವುದಕ್ಕೆ ಬೇರೆಯವರಿಗೆ ಏನೂ ಉಳಿಯುವುದಿಲ್ಲ ಎಂಬ ವಿದ್ಯೆಯನ್ನು ಅವನು ಎಂಟನೇ ತರಗತಿಯಲ್ಲೇ ಕಲಿತಿದ್ದ.

ಆ ವರ್ಷ ತರಗತಿಯ ಹುಡುಗರೆಲ್ಲರ ದನಿಯೂ ಒಡೆದಿತ್ತು. ಹಾಜರಿ ಕೂಗಿದರೆ ಒಬ್ಬ ಕಪ್ಪೆ, ಇನ್ನೊಬ್ಬ ಎಣ್ಣೆ ಕಾಣದ ಬಾಗಿಲು. ರಜೆ ಮುಗಿಯುವಷ್ಟರಲ್ಲಿ ಎಲ್ಲರೂ ಗಂಡಸರಾಗಿ ಬಂದರು. ಇವನು ಹೋದ ಹಾಗೇ ಬಂದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ‘ಕೆಲವರಿಗೆ ತಡ ಆಗುತ್ತೆ ಬಿಡೋ’ ಎಂದು ಅಪ್ಪ ಸಮಾಧಾನ ಹೇಳಿದ್ದರು. ಕಾದು ಕಾದು ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದವೇ ಹೊರತು ದನಿ ಬರಲಿಲ್ಲ.

ಕಾದದ್ದು ಸಾಕು ಎನಿಸಿದ್ದು ಅವಳಿಂದಾಗಿ. ಚಿಕ್ಕಮ್ಮನ ಗೆಳತಿಯ ಮಗಳು, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಚಿಕ್ಕಮ್ಮ ನಂಬರ್ ಕೊಟ್ಟಂದಿನಿಂದ ಇಬ್ಬರೂ ಮೊಬೈಲಿನಲ್ಲಿ ಬರೆದುಕೊಂಡೇ ಮಾತಾಡಿದ್ದರು. ಬರವಣಿಗೆಯಲ್ಲಿ ನಮ್ಮ ಅಕ್ಕನದು ಭಾರೀ ಗಂಭೀರ ಕಂಠ. ಅವಳು ಫೋನ್ ಮಾಡಿದಾಗಲೆಲ್ಲ ‘ನೆಗಡಿ, ಗಂಟಲು ಕಟ್ಟಿದೆ’ ಎಂದು ಬರೆದು ಜಾರಿಕೊಂಡ. ತಿಂಗಳುಗಟ್ಟಲೆ ನೆಗಡಿ ಆನೆಗೂ ಬರುವುದಿಲ್ಲ. ಕೊನೆಗೆ ಅವಳು ಬರೆದಳು: ‘ಶುಕ್ರವಾರ ಸಂಜೆ ಫೋನ್ ಮಾಡ್ತೀನಿ. ಅವತ್ತೂ ಎತ್ತದಿದ್ರೆ ನಂಗೆ ಅರ್ಥ ಆಗುತ್ತೆ, ಮತ್ತೆ ತೊಂದ್ರೆ ಕೊಡಲ್ಲ.’ ಅವಳು ಬೇಕಾಗಿದ್ದಳು, ತುಂಬಾ ಬೇಕಾಗಿದ್ದಳು.

ಮರುದಿನವೇ ಧ್ವನಿ ಚಿಕಿತ್ಸೆ ಮಾಡುವ ಹೆಂಗಸಿನ ಮುಂದೆ ಹೋಗಿ ಕೂತ. ಗಂಟಲ ಡಾಕ್ಟರು ಬೆಳಿಗ್ಗೆಯೇ ನೋಡಿ ಕಳಿಸಿದ್ದರು. ಆಕೆ ಅವನ ಕುತ್ತಿಗೆಯ ಉಬ್ಬನ್ನು ಮುಟ್ಟಿ ನೋಡಿ ನಕ್ಕರು.

“ನಿಮ್ಮ ಧ್ವನಿಪೆಟ್ಟಿಗೆ ಆ ವಯಸ್ಸಲ್ಲೇ ಸರಿಯಾಗಿ ಬೆಳೆದಿದೆ ಕಣ್ರೀ. ತಂತುಗಳು ಉದ್ದ ಆಗಿವೆ, ದಪ್ಪನೂ ಆಗಿವೆ. ನೀವೇ ಅದನ್ನ ಮೇಲಕ್ಕೆ ಎಳೆದು ಹಿಡ್ಕೊಂಡಿದೀರಿ. ಮನೆ ದೊಡ್ಡದಾದ್ರೂ ಇನ್ನೂ ಅಟ್ಟದ ಮೇಲೇ ಮಲಗ್ತಿದೀರಿ.”

ಆಕೆ ಹೆಬ್ಬೆರಳಿನಿಂದ ಆ ಉಬ್ಬನ್ನು ಮೆಲ್ಲಗೆ ಕೆಳಕ್ಕೆ ಒತ್ತಿ, “ಆ ಅನ್ನಿ” ಎಂದರು. ಅಂದ. ಯಾರೋ ಅಪರಿಚಿತ ಗಂಡಸಿನ ದನಿ ಕೇಳಿಸಿತು. ಅವನು ಗಾಬರಿಯಿಂದ ಹಿಂದೆ ತಿರುಗಿ ನೋಡಿದ.

“ನೀವೇ ಅದು” ಎಂದರು ಆಕೆ. “ಅಭ್ಯಾಸ ಮಾಡ್ತಾ ಇರಿ. ಸ್ವಲ್ಪ ದಿನ ಹಳೇ ದನಿ ಕಡೆ ತಲೆ ಹಾಕ್ಬೇಡಿ. ಹಾಕಿದ್ರೆ ಮತ್ತೆ ಮೇಲೆ ಹತ್ತಿಬಿಡುತ್ತೆ.”

ಅವನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ‘ಹಲೋ, ನಾನೇ ಮಾತಾಡ್ತಿರೋದು’ ಎಂದು ಗುಡುಗಿದ. “ಒಳಗೆ ಯಾರೋ ಅದು?” ಎಂದು ಅಮ್ಮ ಹೊರಗಿನಿಂದ ಬಾಗಿಲು ಬಡಿದರು. ಅಂಥ ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಶುಕ್ರವಾರ ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಮೇಜಿನ ಮೇಲಿನ ಸ್ಪೀಕರ್ ಗುಂಯ್‌ಗುಟ್ಟಿತು. ಹಳೇ ಕಟ್ಟಡದ ಲಿಫ್ಟು. ಎರಡು ಮಹಡಿಗಳ ನಡುವೆ ನಿಂತಿದೆ, ದೀಪವೂ ಆರಿದೆ. ಒಳಗಿದ್ದದ್ದು ಅಲ್ಲಿಯ ಒಂಟಿ ಮುದುಕಿ. ಆ ಲಿಫ್ಟು ಆಗಾಗ ಕೈಕೊಡುತ್ತಿದ್ದುದರಿಂದ ಅವನಿಗೆ ಹಳೇ ಪರಿಚಯ. ಅವನು ಮೆಕ್ಯಾನಿಕ್‌ನನ್ನು ಓಡಿಸಿ, ಹೊಸ ದನಿಯಲ್ಲಿ “ಹೆದರ್ಬೇಡಿ, ನಾನಿದೀನಿ” ಎಂದ.

“ಅಯ್ಯೋ, ಯಾರಪ್ಪಾ ನೀನು? ಆ ಹುಡುಗಿ ಎಲ್ಲಿ?”

“ನಾನೇ ಅದು, ಅಜ್ಜಿ.”

“ಸುಳ್ಳು ಹೇಳ್ಬೇಡ. ಅವಳನ್ನ ಕರಿ. ಉಸಿರು... ಉಸಿರು ಕಟ್ತಿದೆ ನಂಗೆ.” ಮುದುಕಿ ಲಿಫ್ಟಿನ ಗೋಡೆ ಗುದ್ದುತ್ತ ಅಳತೊಡಗಿದರು. ಉಸಿರು ಸಿಳ್ಳೆ ಹಾಕುತ್ತಿತ್ತು.

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ದನಿಯನ್ನು ಮೇಲಕ್ಕೆ ಬಿಟ್ಟ.

“ನಾನು ಬಂದೆ ಅಜ್ಜಿ. ನೆಲದ ಮೇಲೆ ಕೂತ್ಕೊಳಿ. ನನ್ ಜೊತೆ ಮೆಲ್ಲಗೆ ಉಸಿರಾಡಿ.”

“ಬಂದ್ಯಾ ತಾಯಿ!” ಮುದುಕಿ ಕೂತ ಸದ್ದಾಯಿತು. “ಯಾವನೋ ಗಂಡಸು ಬಂದಿದ್ದ ಕಣೇ. ಗೂಬೆ ಕೂಗಿದ ಹಾಗಿತ್ತು. ನೀನು ಎಲ್ಲೂ ಹೋಗ್ಬೇಡ, ಮಾತಾಡ್ತಾನೇ ಇರು.”

ಇಷ್ಟು ಕಷ್ಟಪಟ್ಟು ಸಂಪಾದಿಸಿದ ಗಂಡಸುತನಕ್ಕೆ ಸಿಕ್ಕ ಮೊದಲ ಬಿರುದು ಗೂಬೆ. ಅವನಿಗೆ ನಗು ಬಂತು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಅವಳೇ.

ಎತ್ತಿ ದಪ್ಪ ದನಿಯಲ್ಲಿ ಮಾತಾಡಿದರೆ ಮುದುಕಿಗೆ ಮತ್ತೆ ಉಸಿರು ಕಟ್ಟುತ್ತದೆ. ಎತ್ತದಿದ್ದರೆ ಅವಳು ಇನ್ನೆಂದೂ ಮಾಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅವನು ಎತ್ತಿದ.

“ಹಲೋ” ಎಂದ, ಅಕ್ಕನ ದನಿಯಲ್ಲಿ.

“ನಮಸ್ಕಾರ. ಅವರು ಇದ್ರೆ ಸ್ವಲ್ಪ ಕೊಡ್ತೀರಾ?”

ಇಂಥ ಪ್ರಶ್ನೆಗೆ ಅವನು ಸಾವಿರ ಸಲ ‘ಇಲ್ಲ, ಹೊರಗೆ ಹೋಗಿದಾರೆ’ ಎಂದಿದ್ದ. ಈಗಲೂ ಅದೇ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ.

“ನಾನೇ ಅವನು. ನನ್ ದನಿ ಇದೇ. ನೆಗಡಿ ಅಂದಿದ್ದೆಲ್ಲ ಸುಳ್ಳು. ಲಿಫ್ಟಲ್ಲಿ ಒಬ್ರು ಅಜ್ಜಿ ಸಿಕ್ಕಿಹಾಕ್ಕೊಂಡಿದಾರೆ, ಬಿಟ್ಟು ಬರೋಕಾಗಲ್ಲ. ಆಮೇಲೆ ನಾನೇ ಮಾಡ್ತೀನಿ.”

ಉತ್ತರಕ್ಕೆ ಕಾಯದೆ ಅವನೇ ಕರೆ ಮುಗಿಸಿ ಸ್ಪೀಕರಿನ ಕಡೆ ತಿರುಗಿದ.

“ಯಾರೇ ಅದು?” ಎಂದರು ಮುದುಕಿ. “ಮದುವೆ ಆಗೋ ಹುಡುಗನಾ?”

“ಗೊತ್ತಿಲ್ಲ ಅಜ್ಜಿ” ಎಂದ ಅವನು.

ಮೆಕ್ಯಾನಿಕ್ ಬಾಗಿಲು ತೆರೆದು ಮುದುಕಿಯನ್ನು ಹೊರಗೆ ಕರೆದುಕೊಂಡ ಮೇಲೆ ಸ್ಪೀಕರ್ ಸುಮ್ಮನಾಯಿತು. ತನ್ನ ಮೇಲೆ ತಾನೇ ಏನಾದರೊಂದು ಹಾಸ್ಯ ಮಾಡಿಕೊಂಡು ಹಗುರಾಗಲು ನೋಡಿದ. ಒಂದೂ ಹೊಳೆಯಲಿಲ್ಲ. ಮೊಬೈಲ್ ತೆಗೆದು ಅವಳ ನಂಬರ್ ಒತ್ತಿದ.

ಯಾವ ದನಿ ಬರುತ್ತದೋ ಅವನಿಗೇ ಗೊತ್ತಿರಲಿಲ್ಲ. ಬಾಯಿ ತೆರೆದ. ‘ಹ’ ದಪ್ಪಗೆ ಹೊರಟಿತು, ‘ಲೋ’ ಕೀಚಲಾಗಿ ಮುಗಿಯಿತು. ಹದಿಮೂರಕ್ಕೆ ಒಡೆಯಬೇಕಾಗಿದ್ದ ದನಿ ಈಗ ಒಡೆದಿತ್ತು, ಅದೂ ಅವಳ ಕಿವಿಯಲ್ಲೇ.

ಅವಳು ನಗಲಿಲ್ಲ, ದನಿಯ ವಿಷಯ ಎತ್ತಲೂ ಇಲ್ಲ.

“ಆ ಅಜ್ಜಿ ಹೊರಗೆ ಬಂದ್ರಾ?” ಎಂದು ಕೇಳಿದಳು.

“ಬಂದ್ರು” ಎಂದ. ಅದೂ ನಡುವೆ ಒಡೆಯಿತು. ಅವನು ಕೆಮ್ಮಿ ಸರಿಮಾಡಿಕೊಳ್ಳಲು ಹೋಗಲಿಲ್ಲ.