ಹುಲೆಪ್ಪನ ತಮ್ಮ

ಮುತ್ತಣ್ಣ ಅಣ್ಣನ ಕಾಲು ಹುಡುಕುತ್ತಿದ್ದ. ನೀರೆರೆಯಲೆಂದು ಹುಲೆಪ್ಪನ ಹೆಣವನ್ನು ಅಂಗಳದ ಹಲಗೆಯ ಮೇಲೆ ಮಲಗಿಸಿದ್ದರು. ಸುತ್ತ ನಿಂತವರ ಮೊಣಕಾಲು, ತಂಬಿಗೆ, ಒದ್ದೆ ನೆಲ ಎಲ್ಲವೂ ಅವನ ಕೈಗೆ ಸಿಕ್ಕವು. ಕಾಲು ಮಾತ್ರ ಸಿಗಲಿಲ್ಲ.

“ಕಾಕಾ, ಇನ್ನೊಂದೀಟ ಮುಂದ,” ಎಂದಳು ಹುಲೆಪ್ಪನ ಮಗಳು ಸಂಧ್ಯಾ.

ಪಾದಗಳು ಸಿಕ್ಕಾಗ ಮುತ್ತಣ್ಣ ಅವುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡ. “ಇಷ್ಟ ತಣ್ಣಗ ಅದಾವಲ್ಲವ್ವಾ. ಬಿಸಿನೀರು ಹಾಕ್ಯಾರಿಲ್ಲೋ?”

“ಬಿಸಿನೀರೇ ಹಾಕ್ಯಾರ, ಕಾಕಾ.”

ಹಿಂದಿನ ಸಂಜೆ ಕುರಿಗಳನ್ನು ಹಟ್ಟಿಗೆ ಹೊಡೆದು ಬಂದ ಹುಲೆಪ್ಪ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಚಿಮ್ಮಡದಿಂದ ಹೊರಟ ಆಟೋ ಬನಹಟ್ಟಿಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಒಳಗೆ ಅವನ ಹೆಂಡತಿ ಶಂಕ್ರೆವ್ವ ಗೋಡೆಗೆ ಒರಗಿ, ಬಾತ ಮೊಣಕಾಲುಗಳನ್ನು ಚಾಚಿ ಕೂತಿದ್ದಳು. ಮುಧೋಳದಿಂದ ಬಂದ ನಾದಿನಿ ಯಲ್ಲಕ್ಕ ದನಿ ತಗ್ಗಿಸಿ ಹೇಳುತ್ತಿದ್ದಳು.

“ನೀ ಮಗಳ ಕೂಡ ಜಮಖಂಡಿಗೆ ಹೋಗಿಬಿಡು. ಈ ಕಾಲು ತಗೊಂಡು ಒಬ್ಬಾಕಿ ಹೆಂಗ ಇರ್ತಿ?”

“ಮುತ್ತಣ್ಣ?”

ಯಲ್ಲಕ್ಕ ಸೆರಗಿನ ಅಂಚು ತಿರುವಿದಳು. “ಸಂಧ್ಯಾಂದು ಬಾಡಿಗಿ ಮನಿ. ನಮ್ಮನ್ಯಾಗ ಸೊಸಿ ಏನಂತಾಳೋ. ಇಂಥಾವ್ರನ್ನ ಇಟ್ಕೊಳ್ಳೋ ಆಶ್ರಮ ಇರ್ತಾವಂತ...”

“ನಿನ್ನ ತಮ್ಮ ಅವ.”

“ನಿನಗೂ ಮೈದುನ ಅಲ್ಲೇನು?”

ಇಬ್ಬರೂ ಅಳತೊಡಗಿದರು.

“ಯಕ್ಕಾ,” ಅಂಗಳದಿಂದ ಮುತ್ತಣ್ಣನ ದನಿ ಬಂತು, “ನಾ ಕುಡ್ಡ ಆಗೇನಿ, ಕಿವುಡ ಆಗಿಲ್ಲ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ.

*

ವರ್ಷಗಳ ಹಿಂದೆ ಮುಧೋಳದ ರಸ್ತೆಯ ಬದಿಗೆ ಬೀಜದಿಂದ ಡೀಸೆಲ್ ಮಾಡುವ ಘಟಕವೊಂದು ಶುರುವಾದಾಗ ಹುಲೆಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದ. ಹೊಂಗೆ, ಬೇವಿನ ಬೀಜಗಳನ್ನು ಹೆಂಗಸರು ಆರಿಸಿ ತರುತ್ತಿದ್ದರು. ಹಿಂಡಿದ ಎಣ್ಣೆಯನ್ನು ಕಾಯಿಸಿ, ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಎಂಬ ಸ್ಪಿರಿಟ್ಟನ್ನು ಬೆರೆಸಿ ಬಿಟ್ಟರೆ, ಮರುದಿನ ಕಪ್ಪು ಜಿಗುಟು ತಳಕ್ಕಿಳಿದು ಮೇಲೆ ಜೇನಿನ ಬಣ್ಣದ ಇಂಧನ ನಿಲ್ಲುತ್ತಿತ್ತು. ಅದನ್ನು ತೊಳೆದು, ಒಣಗಿಸಿ, ಮೊದಲ ಸಲ ಟ್ರ್ಯಾಕ್ಟರಿಗೆ ಹಾಕಿದ ದಿನ ಹುಲೆಪ್ಪ ತಮ್ಮನನ್ನೇ ಕರೆದು ಓಡಿಸಲು ಹೇಳಿದ. ಮುತ್ತಣ್ಣ ಶೆಡ್ಡನ್ನು ಸುತ್ತು ಹಾಕುತ್ತ ಕೂಗಿದ:

“ಅಣ್ಣಾ, ಟ್ರ್ಯಾಕ್ಟರ್ ಭಜಿ ಕರ್ಯಾಕತ್ತೇತಿ ನೋಡೋ!”

ಹೊಗೆಗೆ ಖರೆಯೇ ಕರಿದೆಣ್ಣೆಯ ವಾಸನೆ. ಹುಲೆಪ್ಪ ಅಷ್ಟು ನಕ್ಕಿದ್ದನ್ನು ಆಮೇಲೆ ಯಾರೂ ನೋಡಲಿಲ್ಲ.

ಆ ಬೇಸಿಗೆಯಲ್ಲೇ ಒಂದು ಸಂಜೆ ಮುತ್ತಣ್ಣ ಶೆಡ್ಡಿಗೆ ಬಂದಾಗ ಮೆಥನಾಲ್ ತುಂಬಿದ ಬಿಳಿ ಕ್ಯಾನಿನ ಮುಚ್ಚಳ ತೆರೆದಿತ್ತು. ಮೂಗಿಗೆ ಸಾರಾಯಿಯಂಥದೇ ವಾಸನೆ ಬಡಿಯಿತು. “ಅದನ್ನ ಮುಟ್ಟಬ್ಯಾಡ ಲೇ, ವಿಷ ಐತಿ,” ಎಂದು ಹೇಳಿ ಹುಲೆಪ್ಪ ಬೀಜ ತೂಗಲು ಹೊರಗೆ ಹೋದ.

ಮರುದಿನ ಕುರಿಗಳ ನಡುವೆ ಮುತ್ತಣ್ಣ ಕುಸಿದು ಕೂತ. “ಅಣ್ಣಾ, ಎಲ್ಲಾ ಕಡೆ ಹಾಲು ಚೆಲ್ಲಿದಂಗ ಕಾಣಾಕತ್ತೇತಿ,” ಎಂದ. ಬಾಗಲಕೋಟೆಯ ಡಾಕ್ಟರರು ಜೀವ ಉಳಿಸಿದರು. ಕಣ್ಣು ಉಳಿಯಲಿಲ್ಲ.

“ವಿಷ ಅಂತ ಹೇಳಿದ್ನೆಲ್ಲೋ?” ಎಂದು ಹುಲೆಪ್ಪ ಆಸ್ಪತ್ರೆಯ ಮಂಚದ ಬದಿಗೆ ಕೂತು ಕೇಳಿದ.

“ಕುಡೀಬಾರ್ದಂತ ಹಂಗ ಹೆದರಸ್ತಿ ಅನ್ಕೊಂಡ್ನಿ, ಅಣ್ಣಾ.”

ಹುಲೆಪ್ಪ ಮತ್ತೆ ಶೆಡ್ಡಿಗೆ ಕಾಲಿಡಲಿಲ್ಲ. ಕುರಿಗಳನ್ನು ತಾನೇ ತಿರುಗಿ ಹಿಡಿದ. ಬೀಜ ಸಾಲದೆ ಘಟಕವೂ ಮುಚ್ಚಿತು. ತಮ್ಮನ ಗಡ್ಡ ಕೆರೆಯುವುದು, ರೊಟ್ಟಿ ಮುರಿದು ತಾಟಿಗೆ ಹಾಕುವುದು, ಅಂಗಿಯ ಗುಂಡಿ ಹಚ್ಚುವುದು, ಎಲ್ಲ ಹುಲೆಪ್ಪನ ಕೆಲಸವಾಯಿತು. ಮುತ್ತಣ್ಣನಿಗೆ ಹೆಣ್ಣು ಕೊಡುತ್ತೇವೆಂದಿದ್ದವರು ಸುಮ್ಮನಾದರು. ಆ ಸಂಜೆಯ ಮಾತನ್ನು ಅಣ್ಣತಮ್ಮ ಮತ್ತೆಂದೂ ಎತ್ತಲಿಲ್ಲ.

*

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಎರಡೂ ಬದಿಗೆ ಆಳೆತ್ತರದ ಕಬ್ಬು. ಹೆಣವನ್ನು ಇಳಿಸಿ, ಮೇಲೆ ಬೀರೇಶ್ವರನ ಭಂಡಾರದ ಅರಿಸಿನಪುಡಿ ಎರಚಿದರು. ಸಂಧ್ಯಾಳ ಗಂಡ ಪರಮಾನಂದ ಮುತ್ತಣ್ಣನ ಬೊಗಸೆಗೆ ಮಣ್ಣು ಹಾಕಿದ.

“ಇಲ್ಲೇ ಮುಂದ ಐತ್ರಿ ಮಾವಾರ. ಹಾಕ್ರಿ.”

ಮುತ್ತಣ್ಣ ಮಣ್ಣು ಬಿಟ್ಟು ಕಿವಿಗೊಟ್ಟ. “ಅಣ್ಣನ ಮ್ಯಾಲೆ ಬಿತ್ತೇನು?”

“ಬಿತ್ರಿ.”

ಅವನು ಬಾಗಿ, ಎದುರಿಗೆ ಕೂತವರೊಡನೆ ಮಾತಾಡುವಂತೆ ಕೇಳಿದ: “ಅಣ್ಣಾ, ವೈನೀನ್ನ ಮಗಳು ಕರ್ಕೊಂಡು ಹೋಗ್ತಾಳ. ನಾ ಏನು ಮಾಡ್ಲೋ?”

ಎಲ್ಲರಿಗೂ ಕೇಳಿಸಿತು. ಶಂಕ್ರೆವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಂಧ್ಯಾ ಗಂಡನ ಮುಖ ನೋಡಿದಳು. ಅವನು ಕುಣಿಯನ್ನೇ ನೋಡುತ್ತಿದ್ದ.

ಮಣ್ಣು ಮುಚ್ಚಿ ಆಯಿತು. ಹಿರಿಯರೊಬ್ಬರು ಎಲ್ಲರ ಕೈಗೂ ಒಂದೊಂದು ಚಿಟಿಕೆ ಭಂಡಾರ ಕೊಟ್ಟು, “ಆತು, ನಡೀರಿ. ಯಾರೂ ಹಿಂದ ತಿರುಗಿ ನೋಡಬ್ಯಾಡ್ರಿ,” ಎಂದರು. ಜನ ಜಳಕಕ್ಕೆಂದು ಕಾಲುವೆಯ ಕಡೆ ಹೊರಟರು. ಸಂಧ್ಯಾ ಅವ್ವನನ್ನು ತೋಳಿನಲ್ಲಿ ಆನಿಸಿಕೊಂಡು ನಡೆದಳು. ಕಾಕಾನನ್ನು ಗಂಡ ಕರೆತರುತ್ತಾನೆ ಎಂದುಕೊಂಡಳು. ಸಲಿಕೆ ಹೊತ್ತ ಪರಮಾನಂದ, ಯಲ್ಲಕ್ಕ ತಮ್ಮನ ಜೊತೆಗಿದ್ದಾಳೆ ಎಂದುಕೊಂಡ. ಯಲ್ಲಕ್ಕ ಎಲ್ಲರಿಗಿಂತ ಮುಂದಿದ್ದಳು.

ಹೆಜ್ಜೆಯ ಸಪ್ಪಳ ಕಬ್ಬಿನ ಗರಿಗಳ ಸದ್ದಿನಲ್ಲಿ ಕರಗಿತು.

“ನಡೀರಿ, ಹೋಗೂನು,” ಎಂದು ಮುತ್ತಣ್ಣ, ಯಾರಾದರೂ ಹಿಡಿದುಕೊಳ್ಳಲಿ ಎಂದು ಬಲಗೈಯನ್ನು ಮೈಯಿಂದ ತುಸು ದೂರ ಚಾಚಿದ. ತೆರೆದ ಅಂಗೈಯಲ್ಲಿ ಭಂಡಾರ ಬೆವರಿಗೆ ಒದ್ದೆಯಾಗಿ, ಗೆರೆಗುಂಟ ಹಳದಿಯಾಗಿ ಇಳಿಯುತ್ತಿತ್ತು.