ಇಪ್ಪತ್ತಡಿ ಹಗ್ಗ

ಬೆಳಗಿನಿಂದ ಮೂರನೇ ಸಲ ಮಳೆಗೆ ಸುಣ್ಣ ತೊಳೆದುಹೋಗಿತ್ತು. ಹಾಲಮ್ಮ ಕಂಬಳಿಕೊಪ್ಪೆ ಹೊದ್ದು ಮಂಡಿಯೂರಿ ಕೂತು, ಕೆಸರು ಒರೆಸಿ, ಚಪ್ಪಡಿಯ ಮೇಲೆ ಮತ್ತೆ ಬಿಳಿ ಗೀಟು ಎಳೆಯುತ್ತಿದ್ದಳು. ಅಡ್ಡ ಒಂದು, ಉದ್ದ ಒಂದು. ಸುಣ್ಣ ತಿಂದು ಅವಳ ಬೆರಳ ಸಂದು ಬಿರಿದಿತ್ತು.

"ಮದ್ವೆಮನೆ ಹಸೆನೂ ನೀನಿಷ್ಟು ಚೆಂದ ಬರೀಲಿಲ್ಲ ಕಣೆ ಹಾಲಮ್ಮಕ್ಕ," ಎಂದು ಪಕ್ಕದ ಮನೆಯ ಪುಷ್ಪಮ್ಮ ಬೇಲಿಯಾಚೆಯಿಂದ ನಕ್ಕಳು.

"ಅದ್ನ ಜನ ನೋಡ್ತಿದ್ರು. ಇದ್ನ ಸರ್ಕಾರ ನೋಡ್ತದೆ ಮಾರಾಯ್ತಿ."

ಸರ್ಕಾರ ನೋಡುವುದು ಡ್ರೋನಿನ ಕಣ್ಣಿಂದ. ಯಾರ ನೆಲದಲ್ಲಿ ಯಾವ ಬೆಳೆ ಇದೆ ಎಂದು ಮೇಲಿನಿಂದ ಫೋಟೋ ತೆಗೆದು ನಕ್ಷೆ ಮಾಡುವ ಕೆಲಸ ಅದು. ಫೋಟೋಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕಾದರೆ ನೆಲದ ಮೇಲೆ ಬಿಳಿ ಗುರುತು ಬೇಕು, ಗುರುತಿಗೆ ಬಯಲು ಬೇಕು. ಹುಲಿಕಲ್ಲಿನ ಈ ಬದಿಯಲ್ಲಿ ಮರ ಬಿಟ್ಟು ಆಕಾಶ ಕಾಣುವ ಜಾಗ ಎರಡೇ. ಒಂದು ಸುಬ್ಬಕೃಷ್ಣ ಹೆಗಡೆಯವರ ಕಣ. "ಕಣ ಮಾತ್ರ ಬ್ಯಾಡ ಮಾರಾಯ್ರೆ. ಎಂತಾರೂ ಒಣಗ್ಸದು ಇರ್ತು," ಎಂದು ಅವರು ಡ್ರೋನಿನವರಿಗೆ ಚಾ ಕೊಟ್ಟು ಕಳಿಸಿದರು. ಆಷಾಢದ ಮಳೆಯಲ್ಲಿ ಏನು ಒಣಗಿಸುತ್ತೀರಿ ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ಹಾಲಮ್ಮನ ನಾಲ್ಕು ಗುಂಟೆ. ಕಾಗದದಲ್ಲಿ ಅದು ಅವಳದಲ್ಲ, ಸರ್ಕಾರದ್ದು. ಅತ್ತೆಯ ಕಾಲದಿಂದ ಉತ್ತಿದ್ದೇವೆ, ಪಟ್ಟಾ ಕೊಡಿ ಎಂದು ಹಾಕಿದ ಅರ್ಜಿಗೆ, ಬೆಳೆ ಬೆಳೆಯುತ್ತಿರುವ ಸಾಕ್ಷಿ ತನ್ನಿ ಎಂಬ ಉತ್ತರ ಬಂದಿತ್ತು.

ಡ್ರೋನ್ ಹಾರಿಸುವ ಹರ್ಷ ಅದಕ್ಕೂ ದಾರಿ ಹೇಳಿದ. "ಮೇಲಿಂದ ತೆಗೆದ ಫೋಟೋಗಿಂತ ಸಾಕ್ಷಿ ಬೇಕಾ ಅಮ್ಮಾ? ಗುರುತು ಮಾತ್ರ ಕಾಯ್ಕೊಳ್ಳಿ. ಸುತ್ತ ಇಪ್ಪತ್ತು ಅಡಿ ಏನೂ ಇರಬಾರದು." ಅಳೆಯಲು ಒಂದು ಹಗ್ಗವನ್ನೂ ಕೊಟ್ಟ.

ಹಾಲಮ್ಮ ಹಗ್ಗ ಹಿಡಿದು ಸುತ್ತು ಬಂದಳು. ಅದರೊಳಗೆ ಸಿಕ್ಕಿದ್ದು ಮೊಣಕಾಲುದ್ದ ಬೆಳೆದ ಶುಂಠಿ.

"ಇದು ಬೆಳೆ ಅಲ್ದಾ ಸಾರ್?"

"ಬೆಳೆನೇ. ಅದಕ್ಕೇ ಗುರುತಿಗೆ ಅಡ್ಡ."

ಕಿತ್ತಳು. ಉಳಿದ ಶುಂಠಿ ಮತ್ತಿಮರಗಳ ಅಡಿಯಲ್ಲಿತ್ತು.

ಡ್ರೋನ್ ಬಂದ ದಿನ ಮೋಡ. ಮೋಡವಿಲ್ಲದ ದಿನ ಗಾಳಿ. ಎರಡೂ ಇಲ್ಲದ ದಿನ ಹದ್ದು ಅಟ್ಟಿಸಿಕೊಂಡು ಬಂತು, ಹರ್ಷ ಡ್ರೋನ್ ಇಳಿಸಿಕೊಂಡು ಜೀಪು ಹತ್ತಿದ. ನಲವತ್ತು ದಿನ ಹಾಲಮ್ಮ ಗೀಟು ಎಳೆದಳು. ನಲವತ್ತೊಂದನೇ ದಿನ ಬಿಸಿಲು ಬಿತ್ತು. ಡ್ರೋನ್ ಮೇಲೇರುವಾಗ ಅವಳು ತಲೆ ನೇವರಿಸಿಕೊಂಡು, ಸೆರಗು ಸರಿಮಾಡಿಕೊಂಡು, ತನ್ನ ನೆಲದ ಮೇಲೆ ನೆಟ್ಟಗೆ ನಿಂತಳು.

"ಅಮ್ಮಾ, ಆಚೆ ಹೋಗಿ! ಫೋಟೋಲಿ ಬರ್ತೀರಿ!"

ಅವಳು ಆಚೆ ಹೋದಳು.

ತಿಂಗಳ ಮೇಲೆ, ನಕ್ಷೆ ಕಚೇರಿಯ ವಾಗ್ದೇವಿ ಮೇಡಂ ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ಎಷ್ಟು ಸ್ಪಷ್ಟ ಬಂದಿದೆ ನೋಡಿ! ಈ ಗುರುತಿನಿಂದಲೇ ಸುತ್ತಲಿನವರ ಬೆಳೆಯೆಲ್ಲ ಅಂಗುಲ ತಪ್ಪದೆ ಕೂತಿದೆ."

"ಅದು ನಾ ಬರ್ದದ್ದು ಮೇಡಂ."

"ಹೌದಾ? ಒಳ್ಳೆ ಕೆಲಸ."

"ಹಂಗಾರೆ ನನ್ ಜಾಗ?"

ಮೇಡಂ ಕನ್ನಡಕ ಏರಿಸಿ ಓದಿದರು. "ಅರ್ಧ ಪಾಳು, ಅರ್ಧ ಕಾಡು. ಬೆಳೆ ಇಲ್ಲ."

"ಬೆಳೆ ಕೀಳ್ಸಿದ್ದು ನಿಮ್ಮೋರೇ ಅಲ್ದಾ? ಮರದಡಿ ಇನ್ನೂ ಶುಂಠಿ ಅದೆ. ಬಂದು ನೋಡಿ."

"ಬಂದು ನೋಡೋದು ತಪ್ಪಲಿ ಅಂತಾನೇ ಡ್ರೋನ್ ತರಿಸಿರೋದು." ಮೇಡಂ ಮೆತ್ತಗೇ ಹೇಳಿದರು. "ಮುಂದಿನ ತಿಂಗಳು ಇನ್ನೊಂದು ಸಲ ಹಾರುತ್ತೆ. ಗುರುತು ಹಾಗೇ ಕಾಯ್ಕೊಂಡಿರಿ."

ಹೊರಗೆ ಜಗುಲಿಯಲ್ಲಿ ಇನ್ನೂ ಐವರು ಹೆಂಗಸರು ಕೂತಿದ್ದರು. ಬೇರೆ ಬೇರೆ ಊರಿನವರು. ಎಲ್ಲರ ಬೆರಳ ಸಂದೂ ಬಿರಿದಿತ್ತು.

"ನಿಂದೂ ಪಾಳಾ?" ಎಂದು ಒಬ್ಬಳು ಕೇಳಿದಳು.

ಹಾಲಮ್ಮ ಅವಳ ಪಕ್ಕದಲ್ಲೇ ಕೂತಳು. ಆರು ಜನರೂ ಬಹಳ ಹೊತ್ತು ಮಾತಾಡಿದರು.

ಮರುದಿನ ಮೇಡಂ ಬರುವಷ್ಟರಲ್ಲಿ ಆ ಆರು ಹೆಂಗಸರೂ ಪುಷ್ಪಮ್ಮನೂ ಕಚೇರಿಯ ಅಂಗಳದಲ್ಲಿ ಮಂಡಿಯೂರಿದ್ದರು. ನಡುವೆ ಬಿಳಿ ಗೀಟುಗಳು ಹಸಿಹಸಿಯಾಗಿ ಹೊಳೆಯುತ್ತಿದ್ದವು. ಅಡ್ಡ ಒಂದು, ಉದ್ದ ಒಂದು.

"ಏನ್ರೀ ಇದು?"

"ಗುರುತು ಮೇಡಂ. ಇಲ್ಲಿ ಆಕಾಶ ಚೆನ್ನಾಗಿ ಕಾಣ್ತದೆ," ಎಂದಳು ಹಾಲಮ್ಮ. "ಡ್ರೋನ್ ಹಾರೋವರ್ಗೂ ನಾವೇ ಕಾಯ್ತೀವಿ. ಸುತ್ತ ಇಪ್ಪತ್ತಡಿ ಏನೂ ಇರ್ಬಾರ್ದು. ಜೀಪು ತೆಗೆಸಿ."

ಅವಳು ಹಗ್ಗದ ಒಂದು ತುದಿಯನ್ನು ಗುರುತಿನ ಮೇಲೆ ಅದುಮಿ ಹಿಡಿದಳು. ಇನ್ನೊಂದು ತುದಿ ಹಿಡಿದು ಪುಷ್ಪಮ್ಮ ನಡೆದಳು. ಮೆಟ್ಟಿಲು ಹತ್ತಿದಳು, ಬಾಗಿಲು ದಾಟಿ ಒಳಗೆ ಹೋದಳು.

"ಎಲ್ಲಿಗ್ ಮುಟ್ತದೆ?" ಹಾಲಮ್ಮ ಕೂಗಿ ಕೇಳಿದಳು.

"ಮೇಡಮ್ಮೋರ ಕುರ್ಚಿನೂ ಬರ್ತದೆ ಕಣೇ ಅಕ್ಕಾ!"